ಮಾಡಿದ್ದನ್ನು ಮುಚ್ಚಿಡುತ್ತೀರಿ, ಕೊಂಡದ್ದನ್ನು ತೋರಿಸುತ್ತೀರಿ

ಗದಗ ಜಿಲ್ಲೆಯ ಹುಡುಗ ಹುಡುಗಿಯರು ಬೆಂಗಳೂರಿನ ಸ್ಟಾರ್ಟಪ್‌ಗಳಿಗೆ ಕಳಿಸುವ ರೆಸ್ಯೂಮೆಗಳು ನಮ್ಮ ಕಣ್ಣಿಗೆ ಆಗಾಗ ಬೀಳುತ್ತವೆ. ಇಂಗ್ಲಿಷ್ ಸ್ವಲ್ಪ ತಿದ್ದಿಕೊಡ್ರಿ ಎಂದು ವಾಟ್ಸಾಪ್ ಮಾಡುತ್ತಾರೆ. ಹೆಸರು ಮುಚ್ಚಿದರೆ ಯಾವುದು ಯಾರದ್ದು ಅಂತ ಹೇಳಲಾಗದು. ಎಲ್ಲವೂ ಸೈಬರ್ ಸೆಂಟರಿನ ಒಂದೇ ಫೈಲಿನಿಂದ ಹುಟ್ಟಿದವು. ಮೇಲೆ 'ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವ ಗುರಿ'. ನಡುವೆ ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅಂಕಗಳ ಪಟ್ಟಿ. ಕೆಳಗೆ ತಂದೆಯ ಹೆಸರು, ಹವ್ಯಾಸ ಹಾಡು ಕೇಳುವುದು, ಕೊನೆಗೆ 'ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ'.

ಇದು ಸರ್ಕಾರಿ ಅರ್ಜಿಯ ರೂಢಿ. ಅಲ್ಲಿ ಅಂಕ ಬೇಕು, ಪ್ರಮಾಣಪತ್ರ ಬೇಕು, ಸಹಿ ಬೇಕು. ಇಪ್ಪತ್ತು ಮೂವತ್ತು ಮಂದಿಯ ಕಂಪನಿಯಲ್ಲಿ ನಿಮ್ಮ ಅರ್ಜಿ ಓದುವವನು ಬಹಳ ಸಲ ನಾಳೆ ನಿಮ್ಮ ಪಕ್ಕದಲ್ಲೇ ಕೂತು ಕೆಲಸ ಮಾಡಬೇಕಾದವನು. ಅವನಿಗೆ ಬೇಕಾದದ್ದು ಒಂದೇ ಉತ್ತರ: ಈ ಮನುಷ್ಯ ಇಲ್ಲಿಯವರೆಗೆ ಏನು ಮಾಡಿದ್ದಾನೆ?

ನಮ್ಮವರು ಏನೂ ಮಾಡಿಲ್ಲವೇ? ಮಾಡಿದ್ದಾರೆ. ಅದನ್ನೇ ಬರೆಯುವುದಿಲ್ಲ.

ಬೆಳೆ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ಊರಿನ ಎಷ್ಟೋ ಯುವಕರು ಪಿ.ಆರ್. ಆಗಿ, ಅಂದರೆ ಖಾಸಗಿ ನಿವಾಸಿಯಾಗಿ, ಮುಂಗಾರು ಹಿಂಗಾರು ಎರಡರಲ್ಲೂ ಹೊಲ ಹೊಲ ಅಲೆದಿದ್ದಾರೆ. ಸರ್ವೆ ನಂಬರ್, ಹಿಸ್ಸಾ ನೋಡಿ, ಆ ಹೊಲದೊಳಗೇ ನಿಂತು ಜಿಪಿಎಸ್ ಹಿಡಿದು, ಬೆಳೆಯ ಫೋಟೊ ತೆಗೆದು ಆ್ಯಪಿಗೆ ಏರಿಸಿದ್ದಾರೆ. ಹೆಸರು ಯಾವುದು, ಉದ್ದು ಯಾವುದು ಅಂತ ಎಳೆ ಗಿಡದಲ್ಲೇ ಗುರುತಿಸಿದ್ದಾರೆ. ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡಬೇಕು, ಉತಾರದಲ್ಲಿ ಒಬ್ಬರ ಹೆಸರು, ಉಳುಮೆ ಇನ್ನೊಬ್ಬರದ್ದು ಆದಾಗ ಏನು ಕೇಳಬೇಕು ಅನ್ನುವುದು ಅವರಿಗೆ ಗೊತ್ತು. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಕ್ರಾಪ್‌ಇನ್, 2015ರ ನಿಂಜಾಕಾರ್ಟ್‌ನಂಥ ಕಂಪನಿಗಳ ವ್ಯವಹಾರ ನಿಂತಿರುವುದೇ ಹೊಲ ಮತ್ತು ರೈತರ ಮಾಹಿತಿಯ ಮೇಲೆ. ಅಂಥ ಕಂಪನಿಗೆ ಅರ್ಜಿ ಹಾಕುವ ಹುಡುಗ ಸಮೀಕ್ಷೆಯ ಕೆಲಸ ಬಿಟ್ಟು, ಹದಿನೈದು ದಿನದ 'ಪರ್ಸನಾಲಿಟಿ ಡೆವಲಪ್‌ಮೆಂಟ್' ಸರ್ಟಿಫಿಕೇಟನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾನೆ!

ಯಾಕಪ್ಪಾ ಅಂದರೆ, 'ಅದೇನ್ ಕೆಲಸ ಬಿಡ್ರಿ ಸರ್, ಹೊಲ ತಿರುಗೋದು' ಅನ್ನುತ್ತಾನೆ.

ಗ್ರಾಮ ಒನ್ ಕೇಂದ್ರದಲ್ಲಿ ದಿನವಿಡೀ ಜನರ ಅರ್ಜಿ ತುಂಬಿ, ಸರ್ವರ್ ಬಿದ್ದಾಗ ಬೈಗುಳ ತಿಂದು, ಮತ್ತೆ ಕರೆದು ಕೆಲಸ ಮುಗಿಸಿಕೊಟ್ಟ ಹುಡುಗಿಯೂ ಹೀಗೇ. ಕಸ್ಟಮರ್ ಸಪೋರ್ಟ್ ಎಂದು ಕಂಪನಿಗಳು ಕರೆಯುವುದು ಇದನ್ನೇ. ಹಾಲಿನ ಡೇರಿಯ ಲೆಕ್ಕವನ್ನು ವಹಿಯಿಂದ ಎಕ್ಸೆಲ್‌ಗೆ ತಂದವನು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಎರಡು ವರ್ಷ ಕೂತವನು, ಎಲ್ಲರೂ 'ಫ್ರೆಶರ್' ಅಂತಲೇ ಬರೆದುಕೊಳ್ಳುತ್ತಾರೆ.

ಬದಲಿಗೆ ತೋರಿಸುವುದೇನು? ದುಡ್ಡು ಕೊಟ್ಟು ತಂದದ್ದು. ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗುತ್ತದೆ, ರಿಪೋರ್ಟ್ ಬೈಂಡಿಂಗ್ ಸಮೇತ. ಗೊತ್ತಿದ್ದೂ ಸಹಿ ಹಾಕುವ ಮೇಷ್ಟರಿದ್ದಾರೆ, ಅವರ ಮಾತು ಇನ್ನೊಮ್ಮೆ ಆಡೋಣ. ಆದರೆ ಸ್ಟಾರ್ಟಪ್‌ನವರು ಮೊದಲು ಕೈ ಹಾಕುವುದು ಅದಕ್ಕೇ. 'ಈ ಭಾಗ ಹೀಗೇಕೆ ಬರೆದಿರಿ? ಸಾವಿರ ಜನ ಒಮ್ಮೆಲೇ ಬಳಸಿದರೆ ಏನಾಗುತ್ತದೆ?' ಎರಡನೇ ಪ್ರಶ್ನೆಗೇ ಬೆವರು. ಹೊರಬಂದು 'ನನ್ನ ಇಂಗ್ಲಿಷ್ ಸರಿ ಇಲ್ಲ, ಅದಕ್ಕೇ ಬಿಟ್ಟರು' ಅನ್ನುತ್ತಾರೆ. ಎಷ್ಟೋ ಸಲ ತಡೆದದ್ದು ಇಂಗ್ಲಿಷ್ ಅಲ್ಲ.

ಹಾಗಂತ ಇಂಗ್ಲಿಷಿನ ಅಹಂಕಾರ ಬೆಂಗಳೂರಿನಲ್ಲಿ ಇಲ್ಲ ಅಂತಲ್ಲ. ಕನ್ನಡದಲ್ಲಿ ಆ್ಯಪ್ ಮಾಡಿ ರೈತರಿಗೆ ಮಾರುವ ಕಂಪನಿಗಳೇ, ಕನ್ನಡ ಚೆನ್ನಾಗಿ ಬಲ್ಲವನನ್ನು ಉಚ್ಚಾರದ ಮೇಲೆ ಅಳೆದು ಹೊರಗಿಡುತ್ತವೆ. ಅದು ಅವರ ದಡ್ಡತನ, ಅದನ್ನು ಮುಖಕ್ಕೇ ಹೇಳಬೇಕು. ಆದರೆ ಈ ಅಹಂಕಾರವನ್ನೇ ಬಂಡವಾಳ ಮಾಡಿಕೊಂಡು ನಮ್ಮೂರಿನ ತರಬೇತಿ ಕೇಂದ್ರಗಳು ಬದುಕುತ್ತಿವೆ ಅನ್ನುವುದನ್ನೂ ನೋಡಿ. ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3000 ರೂಪಾಯಿ ಬಂದರೆ ಅದು ನೇರ ಅಲ್ಲಿನ ಕಂತಿಗೆ ಹೋಗುತ್ತದೆ. ಟೈ ಕಟ್ಟುವುದು, 'ನಿಮ್ಮ ಬಗ್ಗೆ ಹೇಳಿ' ಅಂದಾಗ ಒಪ್ಪಿಸಬೇಕಾದ ಪಾಠ, ಇಷ್ಟೇ ಕಲಿಕೆ.

ಇದಕ್ಕಿಂತ ಕೆಟ್ಟ ಅಂಗಡಿಯೊಂದಿದೆ. ಎರಡು ವರ್ಷದ ಅನುಭವದ ಪತ್ರ, ಸಂಬಳದ ಚೀಟಿ, ಎಲ್ಲ ಮಾರಾಟಕ್ಕೆ. ಹೊಲ ಅಡವಿಟ್ಟಾದರೂ ಕೊಳ್ಳುವವರಿದ್ದಾರೆ. ಪಿಎಫ್ ಇರುವ ಕೆಲಸಗಾರನಿಗೆ ಯುಎಎನ್ ಅಂತ ಒಂದು ನಂಬರ್ ಇರುತ್ತದೆ, ಯಾವ ಕಂಪನಿಯಲ್ಲಿ ಯಾವಾಗಿಂದ ಯಾವಾಗಿನವರೆಗೆ ಇದ್ದ ಅನ್ನುವುದು ಅದರ ಹಿಂದೆ ದಾಖಲಾಗಿರುತ್ತದೆ. ಕೆಲಸ ಕೊಟ್ಟ ಮೇಲೂ ಕಂಪನಿಗಳು ಇದನ್ನು ಪರೀಕ್ಷಿಸುತ್ತವೆ. ಸಿಕ್ಕಿಬಿದ್ದರೆ ಕೆಲಸವೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು, ಮಾರಿದವನು ಫೋನೂ ಎತ್ತುವುದಿಲ್ಲ. ಇನ್ನು 'ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ, ನಾಳೆಯೇ ಆಫರ್ ಲೆಟರ್' ಅನ್ನುವವರು ಶುದ್ಧ ಮೋಸಗಾರರು. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಾಗಾದರೆ ಏನು ಬರೆಯಬೇಕು ಅಂತ ಕೇಳುತ್ತೀರಿ. ಒಂದೇ ಪುಟ ಸಾಕು. ಇಂಗ್ಲಿಷಿನಲ್ಲೇ ಇರಲಿ, ಆದರೆ ಸಣ್ಣ ಸಣ್ಣ ವಾಕ್ಯ ಇರಲಿ. 'ಎರಡು ಹಂಗಾಮು ಬೆಳೆ ಸಮೀಕ್ಷೆ ಮಾಡಿದ್ದೇನೆ. ಇಷ್ಟು ಹೊಲ, ಇಷ್ಟು ದಿನ. ಈ ತೊಂದರೆ ಬಂತು, ಹೀಗೆ ಬಗೆಹರಿಸಿದೆ.' ಲೆಕ್ಕ ನಿಜವಾದದ್ದೇ ಇರಲಿ. ಕೋಡಿಂಗ್ ಬರುತ್ತದೆ ಅನ್ನುವವರು ಸ್ವಂತ ಬರೆದದ್ದನ್ನು, ಎಷ್ಟೇ ಚಿಕ್ಕದಿರಲಿ, ಗಿಟ್‌ಹಬ್‌ನಲ್ಲಿಟ್ಟು ಕೊಂಡಿ ಕೊಡಿ. ಡೇರಿಯ ಫ್ಯಾಟ್ ಲೆಕ್ಕ ಹಾಕುವ ಚಿಕ್ಕ ಪ್ರೋಗ್ರಾಂ ಅಂಗಡಿಯ 'ಫೇಸ್ ರೆಕಗ್ನಿಷನ್' ಪ್ರಾಜೆಕ್ಟಿಗಿಂತ ಮೇಲು, ಯಾಕೆಂದರೆ ಅದರ ಬಗ್ಗೆ ನೀವು ಅರ್ಧ ತಾಸು ಮಾತಾಡಬಲ್ಲಿರಿ. ಕೋಡಿಂಗ್ ಬರದವರು ಕನ್ನಡ ವಿಕಿಪೀಡಿಯದಲ್ಲಿ ನಿಮ್ಮೂರಿನ ಪುಟ ತಿದ್ದಿ, ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಊರಿನ ದಾರಿ, ಕೆರೆ, ಶಾಲೆ ಗುರುತಿಸಿ. ನಿಮ್ಮ ಖಾತೆಯ ಹೆಸರಿನಲ್ಲಿ ದಿನಾಂಕ ಸಮೇತ ಉಳಿಯುತ್ತದೆ, ಯಾರು ಬೇಕಾದರೂ ನೋಡಬಹುದು.

ಅರ್ಜಿ ಹಾಕುವ ಮೊದಲು ಆ ಕಂಪನಿಯ ಆ್ಯಪ್ ಇಳಿಸಿ ಒಂದು ವಾರ ಬಳಸಿ. ಕನ್ನಡದಲ್ಲಿ ಒತ್ತಕ್ಷರ ಒಡೆದು ಬರುತ್ತದೆಯೇ? ಮೆಣಸಿನಕಾಯಿಯ ಜಾಗದಲ್ಲಿ ಕರಿಮೆಣಸಿನ ಚಿತ್ರವಿದೆಯೇ? ಸ್ಕ್ರೀನ್‌ಶಾಟ್ ತೆಗೆದು, ಏನು ತಪ್ಪು, ಹೇಗೆ ಸರಿಮಾಡಬಹುದು ಅಂತ ನಾಲ್ಕು ಸಾಲು ಬರೆದು ಅರ್ಜಿಯ ಜೊತೆ ಕಳಿಸಿ. ಇಂಥ ತಪ್ಪು ಬೆಂಗಳೂರಿನಲ್ಲಿ ಕೂತವರ ಕಣ್ಣಿಗೆ ಬೀಳುವುದು ಕಷ್ಟ.

(ನೆಚ್ಚಿನ ಹೀರೋ ಹೆಸರಿನ ಇಮೇಲ್ ಐಡಿಯನ್ನು ಮಾತ್ರ ದಯವಿಟ್ಟು ಬದಲಿಸಿ. ಅಭಿಮಾನ ಬೈಕಿನ ಮೇಲಿರಲಿ.)

ಕೊನೆಯದಾಗಿ, ಕೈ ಕಟ್ಟಿ ನಿಲ್ಲಬೇಡಿ. ಸ್ಟಾರ್ಟಪ್ ಅಂದರೆ ಸರ್ಕಾರಿ ನೌಕರಿಯಲ್ಲ, ಮುಳುಗಲೂಬಹುದು. 2023ರಲ್ಲಿ ಡನ್ಜೊ ತನ್ನ ನೌಕರರ ಸಂಬಳ ತಡಮಾಡಿದ್ದು ಪತ್ರಿಕೆಗಳಲ್ಲೇ ಬಂತು. ಅವರು 'ನಿಮ್ಮದೇನಾದರೂ ಪ್ರಶ್ನೆ ಇದೆಯಾ' ಅಂದಾಗ ನಮ್ಮವರು 'ಇಲ್ಲ ಸರ್' ಎಂದು ಎದ್ದುಬಿಡುತ್ತಾರೆ. ಕೂತುಕೊಳ್ಳಿ. ಸಂಬಳ ಯಾವ ತಾರೀಖಿಗೆ ಆಗುತ್ತದೆ, ಪಿಎಫ್ ಇದೆಯೇ, ಕಂಪನಿಗೆ ಸದ್ಯ ದುಡ್ಡು ಎಲ್ಲಿಂದ ಬರುತ್ತಿದೆ, ಮೊದಲ ಮೂರು ತಿಂಗಳು ನನ್ನಿಂದ ಏನು ಕೆಲಸ ಬಯಸುತ್ತೀರಿ ಅಂತ ಕೇಳಿ. ಉತ್ತರ ಬರೆದುಕೊಳ್ಳಲು ಒಂದು ನೋಟ್‌ಬುಕ್ ಒಯ್ಯಿರಿ.