ವಿದ್ಯುತ್ ವಾಹನವೂ ನಮ್ಮ ಜಿಲ್ಲೆಯ ದಾರಿಯೂ

ವಿದ್ಯುಚ್ಚಾಲಿತ ಎಸ್‌ಯುವಿಯನ್ನು ಕೊಂಡು ನಿಶ್ಚಿಂತೆಯಿಂದ ಪ್ರಯಾಣ ಹೊರಡಬಹುದೇ ಎಂಬ ಪ್ರಶ್ನೆ ನಗರದ ಗೃಹಸ್ಥರಲ್ಲಿ ಎದ್ದಿದೆ. ಹೊರಡಬಹುದು, ಆದರೆ ದಾರಿಯನ್ನರಿತು ಹೊರಡಬೇಕೆಂಬುದು ನಮ್ಮ ಅಭಿಪ್ರಾಯ.

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿಬರುವ ದಾರಿ ನೂರು ಕಿಲೋಮೀಟರಿಗೆ ತುಸು ಮಿಗಿಲು. ಕುರುಗೋಡು ಇನ್ನೂ ಸಮೀಪ. ರಾತ್ರಿ ಮನೆಯಲ್ಲಿಯೇ ಬ್ಯಾಟರಿಯನ್ನು ತುಂಬಿಸಿಕೊಂಡವನಿಗೆ ಇದು ಲೆಕ್ಕಕ್ಕೆ ಬಾರದ ದೂರ. ಖರ್ಚು ಪೆಟ್ರೋಲಿಗಿಂತ ಬಹಳ ಕಡಮೆ. 2019ರ ಆಗಸ್ಟಿನಿಂದ ಇಂಥ ವಾಹನಗಳ ಮೇಲಿನ ಜಿಎಸ್‌ಟಿಯೂ ಶೇಕಡಾ 5 ಮಾತ್ರ.

ಬೆಂಗಳೂರಿಗೆ ಹೊರಟರೆ ಮಾತೇ ಬೇರೆ. ದಾರಿ 300 ಕಿಲೋಮೀಟರನ್ನು ದಾಟುವುದು. ನಮ್ಮ ಬೇಸಗೆಯಲ್ಲಿ ಎ.ಸಿ. ನಡೆಯಲೇಬೇಕು, ಅದೂ ಹೆದ್ದಾರಿಯ ವೇಗವೂ ಕೂಡಿ, ಕಂಪೆನಿಯವರು ಹೇಳಿದ ದೂರವನ್ನು ತಗ್ಗಿಸುವುವು. ನಡುದಾರಿಯ ಚಾರ್ಜಿಂಗ್ ಯಂತ್ರ ಕೆಟ್ಟಿದ್ದರೆ, ರೋಗಿಯನ್ನು ಕರೆದೊಯ್ಯುತ್ತಿರುವವನ ಗತಿಯೇನು?

ಹೊಗೆಯಿಲ್ಲವೆಂದು ಹಿಗ್ಗುವವರು ಕುಡಿತಿನಿಯನ್ನೂ ನೆನೆಯಬೇಕು. ಅಲ್ಲಿಯ 1,700 ಮೆಗಾವಾಟಿನ ವಿದ್ಯುತ್ ಸ್ಥಾವರ ಉರಿಸುವುದು ಕಲ್ಲಿದ್ದಲನ್ನೇ. ಕಲ್ಲಿದ್ದಲಿನ ವಿದ್ಯುತ್ತಿನಿಂದ ವಾಹನ ನಡೆಯುವವರೆಗೆ ಹೊಗೆ ಊರು ಬದಲಿಸುವುದೇ ಹೊರತು ಪೂರ್ತಿ ಇಲ್ಲವಾಗದು.

2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ರಚಿಸಿದ ದೇಶದ ಮೊದಲ ರಾಜ್ಯ ನಮ್ಮದೇ. ಆ ಕೀರ್ತಿ ರಾಜಧಾನಿಯಲ್ಲಿಯೇ ನಿಲ್ಲಬಾರದು. ಸಿರುಗುಪ್ಪ, ಕುರುಗೋಡು ಸೇರಿ ಪ್ರತಿಯೊಂದು ತಾಲೂಕು ಕೇಂದ್ರದ ಬಸ್ ನಿಲ್ದಾಣದಲ್ಲಿಯೂ ಹಗಲಿರುಳು ನಡೆಯುವ ಯಂತ್ರವಿರಲಿ. ಅದು ಕೆಟ್ಟರೆ ಉತ್ತರ ಹೇಳುವ ಅಧಿಕಾರಿಯೂ ಇರಲಿ. ಯಂತ್ರವನ್ನು ನೆಟ್ಟು ಮರೆಯುವುದು ಸರಕಾರದ ಕೆಲಸವಲ್ಲ, ನಡೆಸುವುದು ಕೆಲಸ. ಅಲ್ಲಿಯವರೆಗೆ ಜಿಲ್ಲೆಯೊಳಗೆ ಸಂಚರಿಸುವವರು ಧೈರ್ಯವಾಗಿ ಕೊಳ್ಳಲಿ. ದೂರಪ್ರಯಾಣವೇ ಹೆಚ್ಚಾಗಿರುವವರು ತುಸು ತಾಳಲಿ.