ನೆಲದೊಳಗಿನ ಕೇಬಲ್ ಜೋಡಣೆ: ಬಿಲ್ಲಿನಲ್ಲಿ ಸಣ್ಣ ಬಾಬು, ವ್ಯವಹಾರದಲ್ಲಿ ದೊಡ್ಡ ಹೊಣೆ

1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ಮೊದಲ ವಿದ್ಯುದ್ದೀಪಗಳು ಬೆಳಗಿದವು. ಅಂದು ಶಿವನಸಮುದ್ರದಿಂದ ಕಂಬಗಳ ಮೇಲೆ ಬಂದ ವಿದ್ಯುತ್ತು ಇಂದು ನೆಲದೊಳಗೆ ಇಳಿಯುತ್ತಿದೆ. ಬೆಸ್ಕಾಂ ಸಂಸ್ಥೆಯು ಇತ್ತೀಚಿನ ವರ್ಷಗಳಲ್ಲಿ ನಗರದ 11 ಕೆವಿ ಮಾರ್ಗಗಳನ್ನು ಭೂಗತ ಕೇಬಲ್‌ಗಳಾಗಿ ಪರಿವರ್ತಿಸುವ ಕಾರ್ಯವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿದೆ. ಜಯನಗರದಂತಹ ಮರಗಳ ಬಡಾವಣೆಯಲ್ಲಿ ಮಳೆಗಾಲದ ಒಂದು ಕೊಂಬೆ ಇಡೀ ಬೀದಿಯನ್ನು ಕತ್ತಲೆಗೆ ದೂಡುತ್ತಿದ್ದುದನ್ನು ಕಂಡವರೆಲ್ಲರೂ ಇದನ್ನು ಸ್ವಾಗತಿಸಲೇಬೇಕು.

ಆದರೆ ಕಂಬದ ಮೇಲಿನ ದೋಷ ಕಣ್ಣಿಗೆ ಕಾಣುತ್ತದೆ, ನೆಲದೊಳಗಿನದು ಕಾಣುವುದಿಲ್ಲ. ಮತ್ತು ಭೂಗತ ಕೇಬಲ್ಲಿನ ದುರ್ಬಲ ಸ್ಥಾನವೆಂದರೆ ಅದರ ಜೋಡಣೆ, ಅಂದರೆ ಜಾಯಿಂಟ್. ಬೀದಿಯ ಕೇಬಲ್ಲಿನ ಹೊಣೆ ಸರಬರಾಜು ಸಂಸ್ಥೆಯದು. ಮೀಟರಿನಿಂದ ಈಚೆಗೆ, ನಮ್ಮ ಆವರಣದೊಳಗಿನ ಕೇಬಲ್ಲಿನ ಹೊಣೆ ನಮ್ಮದೇ. ಈ ಲೇಖನ ಮುಖ್ಯವಾಗಿ ಆ ಎರಡನೆಯ ಹೊಣೆಯನ್ನು ಕುರಿತದ್ದು.

ನಾನು ಎಂಜಿನಿಯರನಲ್ಲ, ಲೆಕ್ಕಪರಿಶೋಧಕ. ಈ ವಿಷಯ ನನ್ನ ಗಮನಕ್ಕೆ ಬಂದದ್ದು ವೋಚರುಗಳ ಮೂಲಕ. ಜೆ.ಪಿ. ನಗರದ ಸಣ್ಣ ಕೈಗಾರಿಕೆಯೊಂದರ ಲೆಕ್ಕ ನೋಡುವಾಗ 'ದುರಸ್ತಿ' ಶೀರ್ಷಿಕೆಯಡಿ ಒಂದೇ ವರ್ಷದಲ್ಲಿ ಮೂರು ಬಿಲ್ಲುಗಳು ಕಂಡವು: ಅಗೆತ, ಜಾಯಿಂಟ್ ಕಿಟ್ ಮತ್ತು ಕೂಲಿ, ಎಲ್ಲವೂ ಸೇರಿ ಇಡಿಗಂಟು. ಮೂರೂ ಒಂದೇ ಸ್ಥಳದ್ದು, ಮೀಟರ್ ಫಲಕದಿಂದ ಹಿಂಬದಿಯ ಶೆಡ್ಡಿಗೆ ಹೋಗುವ ಕೇಬಲ್ ಚರಂಡಿಯ ಅಡಿಯಲ್ಲಿ ಹಾಯುವ ಜಾಗ. ಜೋಡಣೆ ಮಾಡಿದವನ ಹೆಸರಾಗಲಿ, ಪರೀಕ್ಷೆಯ ಅಂಕಿಯಾಗಲಿ ಯಾವ ಬಿಲ್ಲಿನಲ್ಲೂ ಇರಲಿಲ್ಲ. ವಿಚಾರಿಸಿದಾಗ, ಆ ಚರಂಡಿಯ ಕಬ್ಬಿಣದ ಮುಚ್ಚಳ ಮುಟ್ಟಿದ ಕಾವಲುಗಾರನಿಗೆ ಒಮ್ಮೆ ಕೈ ಜುಮ್ಮೆಂದಿತ್ತೆಂಬ ಸಂಗತಿ ಹೊರಬಿತ್ತು. ಆತ ಅಂದು ಬರಿಗಾಲಿನಲ್ಲಿ ಇರಲಿಲ್ಲವೆಂಬುದಷ್ಟೇ ಪುಣ್ಯ. ಆ ವೆಚ್ಚ ಯಾವ ಶೀರ್ಷಿಕೆಯಡಿ ಬರುತ್ತಿತ್ತು?

ಕೇಬಲ್ ಕಾರ್ಖಾನೆಯ ಶುಚಿಯಾದ ವಾತಾವರಣದಲ್ಲಿ ಯಂತ್ರದಿಂದ ತಯಾರಾಗುತ್ತದೆ. ಜೋಡಣೆಯಾದರೋ ಗುಂಡಿಯೊಳಗೆ, ಮನುಷ್ಯನ ಕೈಯಿಂದ ಆಗಬೇಕು. 11 ಕೆವಿ ಕೇಬಲ್ಲಿನಲ್ಲಿ ಅರೆವಾಹಕ ಪದರವನ್ನು ಬಿಡಿಸುವಾಗ ಬ್ಲೇಡು ಒಳಗಿನ ನಿರೋಧಕವನ್ನು ಗೀರಿದರೆ ಆ ಗೀರಿನಲ್ಲಿ ಗಾಳಿ ಉಳಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕಿರುವಿಸರ್ಜನೆ ಆರಂಭವಾಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಜೋಡಣೆ ಸಿಡಿಯುತ್ತದೆ. ಕಡಿಮೆ ವೋಲ್ಟೇಜಿನ ಕೇಬಲ್ಲಿನಲ್ಲಿ ಮುಖ್ಯ ಶತ್ರು ತೇವ. ಜೊತೆಗೆ, ಅಲ್ಯೂಮಿನಿಯಂ ತಂತಿಯನ್ನು ಉಜ್ಜಿ ಶುಚಿಗೊಳಿಸದೆ, ತಕ್ಕ ಅಳತೆಯ ಅಚ್ಚಿನಿಂದ ಕ್ರಿಂಪ್ ಮಾಡದೆ ಹೋದರೆ ಸಂಪರ್ಕ ಸಡಿಲವಾಗಿ ಕಾವೇರುತ್ತದೆ. ಹೀಟ್ ಶ್ರಿಂಕ್ ಕಿಟ್ಟಿಗೆ ಬೆಂಕಿಯ ಜ್ವಾಲೆ ಬೇಕು. ಗಾಳಿಯಾಡದ ಗುಂಡಿಯಲ್ಲಿ ಅದೇ ಅಪಾಯವಾದುದರಿಂದ, ಅಂತಹ ಕಡೆ ಜ್ವಾಲೆ ಬೇಡದ ಕೋಲ್ಡ್ ಶ್ರಿಂಕ್ ವಿಧಾನ ಮೇಲು.

ಇಷ್ಟೆಲ್ಲವನ್ನೂ ಚರಂಡಿ ನೀರಿನಲ್ಲಿ ಮಂಡಿಯೂರಿ, ಟಾರ್ಚಿನ ಬೆಳಕಿನಲ್ಲಿ, 'ಬೇಗ ಮುಗಿಸಿ, ಯಂತ್ರ ನಿಂತಿದೆ' ಎಂಬ ಒತ್ತಾಯದ ನಡುವೆ ಮಾಡು ಎಂದರೆ ಯಾವ ನಿಪುಣನಿಂದಲೂ ಆಗದು. ತಪ್ಪು ಕೆಲಸಗಾರನದಲ್ಲ. ಆ ಕೆಲಸಕ್ಕೆ ನಾವು ಕೊಟ್ಟ ಸ್ಥಳ, ಸಮಯ ಮತ್ತು ದರದ್ದು.

ಇದರಲ್ಲಿ ಲೆಕ್ಕದ ಒಂದು ಭ್ರಮೆಯೂ ಅಡಗಿದೆ. ದುರಸ್ತಿಯ ಸಣ್ಣ ಬಿಲ್ಲಿಗೆ ಮಾಲೀಕರು ಪ್ರಶ್ನೆಯಿಲ್ಲದೆ ಸಹಿ ಹಾಕುತ್ತಾರೆ. ಹೊಸ ಕೇಬಲ್ ಎಂದೊಡನೆ ಅದು ಬಂಡವಾಳ ವೆಚ್ಚವೆಂದು ಮುಂದಿನ ವರ್ಷಕ್ಕೆ ದೂಡುತ್ತಾರೆ. ಆದರೆ ದುರಸ್ತಿಯ ನಿಜವಾದ ವೆಚ್ಚ ಆ ಬಿಲ್ಲಿನಲ್ಲಿ ಇರುವುದಿಲ್ಲ. ಜನರೇಟರಿನ ಡೀಸೆಲ್ ಒಂದು ಖಾತೆಯಲ್ಲಿ, ಕೆಟ್ಟ ಮಾಲು ಇನ್ನೊಂದರಲ್ಲಿ, ಕೆಲಸವಿಲ್ಲದೆ ಕುಳಿತವರ ಸಂಬಳ ಮತ್ತೊಂದರಲ್ಲಿ ಹಂಚಿಹೋಗಿರುತ್ತದೆ. ಮೇಲೆ ಹೇಳಿದ ಪ್ರಕರಣದಲ್ಲಿ ಎಲ್ಲವನ್ನೂ ಒಂದೇ ಹಾಳೆಗೆ ತಂದಾಗ, ಹೊಸ ಕೇಬಲ್ಲಿನ ಬೆಲೆ ಎಂದೋ ಖರ್ಚಾಗಿಹೋಗಿತ್ತು. ಕೊನೆಗೆ ಚರಂಡಿಯಡಿ ಪೈಪಿನೊಳಗೆ ಜೋಡಣೆಯಿಲ್ಲದ ಅಖಂಡ ಕೇಬಲ್ ಎಳೆದು, ಜಾಯಿಂಟನ್ನು ಒಣ ನೆಲದ ಗುಂಡಿಗೆ ತರಲಾಯಿತು. ಅನಂತರ ಆ ಖಾತೆಯಲ್ಲಿ ಅಂತಹ ವೋಚರು ಬಂದಿಲ್ಲ.

ಸದಸ್ಯರು ಪರಿಶೀಲಿಸಲೆಂದು ನನ್ನ ಸಲಹೆಗಳು ಇವು:

1. ಕೈಗೆಟುಕದ ಜಾಗದಲ್ಲಿ ಜೋಡಣೆಯನ್ನೇ ಇಡಬೇಡಿ. ಚರಂಡಿ, ಗೋಡೆ, ಲಿಫ್ಟ್ ಗುಂಡಿಗಳ ಬಳಿ ಅಖಂಡ ಕೇಬಲ್ ಹಾಯಲಿ. ಜಾಯಿಂಟ್ ಬಳಿ ಸ್ವಲ್ಪ ಹೆಚ್ಚುವರಿ ಕೇಬಲ್ ಸುತ್ತಿಡಿ.

2. ಕರಾರಿನಲ್ಲಿ ಜೋಡಣೆ ಪ್ರತ್ಯೇಕ ಬಾಬಾಗಿರಲಿ. ನೀರು ಬಸಿಯುವುದು, ಗುಂಡಿಗೆ ಗುಡಾರ, ಬೆಳಕು, ಗಾಳಿ ಇವುಗಳಿಗೂ ದರ ಇರಲಿ. ಕೇಳದಿದ್ದುದನ್ನು ಕನಿಷ್ಠ ದರದ ಗುತ್ತಿಗೆದಾರ ಕೊಡುವುದಿಲ್ಲ.

3. ವಿದ್ಯುತ್ ಕಡಿತಗೊಳಿಸಿ, ಬೀಗ ಹಾಕಿ, ಸರಿಯಾದ ಕೇಬಲ್ ಇದೇ ಎಂದು ಗುರುತಿಸಿ, ಪರೀಕ್ಷಿಸಿ, ಅರ್ತ್ ಮಾಡಿದ ಮೇಲೆಯೇ ಕತ್ತರಿ ಇಡಲಿ. ಒಂದೇ ಕಾಲುವೆಯಲ್ಲಿ ನಾಲ್ಕು ಕೇಬಲ್‌ಗಳಿದ್ದಾಗ ಊಹೆ ಪ್ರಾಣಾಂತಿಕ.

4. ಪ್ರತಿ ಜೋಡಣೆಗೂ ದಾಖಲೆ ಇರಲಿ: ಸ್ಥಳ, ದಿನಾಂಕ, ಕಿಟ್ಟಿನ ತಯಾರಿಕೆ, ಜಾಯಿಂಟರನ ಹೆಸರು, ಮೆಗ್ಗರ್ ಅಂಕಿ. ಇವಿಲ್ಲದ ಬಿಲ್ಲಿಗೆ ಹಣ ಪಾವತಿಯಾಗದಿರಲಿ.

ಇದರಿಂದ ವೆಚ್ಚ ಹೆಚ್ಚುವುದೆಂಬ ಆಕ್ಷೇಪ ಬರಬಹುದು. ಮೊದಲ ದಿನ ಹೆಚ್ಚುವುದು ನಿಜ. ಆದರೆ ಅಡಿಪಾಯದಲ್ಲಿ ಉಳಿಸಿದ ಸಿಮೆಂಟು ಯಾವ ಮನೆಗೂ ಲಾಭ ತಂದಿಲ್ಲ. ನುರಿತ ಜಾಯಿಂಟರುಗಳು ವಿರಳವೆಂಬುದೂ ನಿಜವೇ. ಅವರ ಹೆಸರು ದಾಖಲೆಯಲ್ಲಿ ಉಳಿದು, ಕೆಲಸಕ್ಕೆ ತಕ್ಕ ಸಂಭಾವನೆ ದೊರೆತರೆ ಆ ಕಸುಬಿಗೆ ಯುವಕರೂ ಬಂದಾರು. ನಮ್ಮ ಸಂಸ್ಥೆಯು ಮಳೆಗಾಲಕ್ಕೆ ಮುನ್ನ ಸದಸ್ಯರ ವಿದ್ಯುತ್ ಮೇಲ್ವಿಚಾರಕರಿಗಾಗಿ ಒಂದು ದಿನದ ಕಾರ್ಯಾಗಾರ ಏರ್ಪಡಿಸಿ, ಇಂತಹ ದಾಖಲೆಯ ಒಂದು ಮಾದರಿ ನಮೂನೆಯನ್ನು ಹಂಚಬೇಕೆಂದು ವಿನಂತಿಸುತ್ತೇನೆ. ಅಷ್ಟರೊಳಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ದುರಸ್ತಿ ಖಾತೆಯನ್ನು ಒಮ್ಮೆ ತೆರೆದು, ಒಂದೇ ಗುಂಡಿಗೆ ಎಷ್ಟು ಬಾರಿ ಹಣ ಸುರಿದಿದ್ದೇವೆಂದು ಎಣಿಸಿ ನೋಡಲಿ.