ಹಂದಿಯ ಹೊಟ್ಟೆ ತಿಪ್ಪೆಗುಂಡಿಯಲ್ಲ

ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಹಂದಿಗೆ ಹಾಕಬಾರದು ಎಂದು ಲಂಡನ್ನಿನ ಎಜ್‌ವೇರಿನಲ್ಲಿ ನಡೆದ ನಮ್ಮ ಕನ್ನಡಿಗರ ಕೂಟವೊಂದರಲ್ಲಿ ಹೇಳಿದ್ದಕ್ಕೆ ಹಲವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಕೆಲವರು ಕೊಡಗು, ಸಕಲೇಶಪುರದ ಕಡೆ ಅಣ್ಣತಮ್ಮಂದಿರ ಹಂದಿ ಸಾಕಣೆಗೆ ಇಲ್ಲಿಂದ ದುಡ್ಡು ಹಾಕಿದವರು. ನಷ್ಟ ಅವರದೇ ಆದ್ದರಿಂದ ಅವರ ಮಾತಿಗೆ ಉತ್ತರ ಕೊಡಲೇಬೇಕು.

“ಹಂದಿ ಏನು ಹಾಕಿದರೂ ಅರಗಿಸಿಕೊಳ್ಳುತ್ತದೆ” ಎಂಬುದು ಎಲ್ಲರ ಬಾಯಲ್ಲೂ ಬಂದ ಮಾತು. ನಿಜ ಸಂಗತಿ ಇದಕ್ಕೆ ತದ್ವಿರುದ್ಧ. ಮೆಲುಕು ಹಾಕುವ ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಹಲವು ಬೂಷ್ಟು ವಿಷಗಳನ್ನು ರಕ್ತಕ್ಕೆ ಸೇರುವ ಮೊದಲೇ ಬಹುಮಟ್ಟಿಗೆ ಮುರಿದುಹಾಕುತ್ತವೆ. ಹಂದಿಗೆ ಆ ಕಾವಲು ಇಲ್ಲ. ಫ್ಯುಸೇರಿಯಂ ಶಿಲೀಂಧ್ರದ ಡಿಆಕ್ಸಿನಿವಲೆನಾಲ್ ಎಂಬ ವಿಷ ಕಿಲೋ ಮೇವಿಗೆ ಒಂದು ಮಿಲಿಗ್ರಾಂ ದಾಟಿದರೆ ಸಾಕು, ಹಂದಿ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಇನ್ನೂ ಹೆಚ್ಚಾದರೆ ವಾಂತಿ ಮಾಡುತ್ತದೆ. ಸಾಕುವವರು ಜಂತುಹುಳುವಿನ ಔಷಧಿ ಹಾಕಿ ಕಾಯುತ್ತಾರೆ, ತೂಕ ಮಾತ್ರ ಏರುವುದಿಲ್ಲ.

ಅದೇ ಶಿಲೀಂಧ್ರದ ಇನ್ನೊಂದು ವಿಷ ಜಿಯರಲೆನೋನ್. ಅದು ದೇಹದೊಳಗೆ ಹೆಣ್ಣು ಹಾರ್ಮೋನಿನಂತೆ ನಡೆದುಕೊಳ್ಳುತ್ತದೆ. ಬೆದೆಗೆ ಬರುವ ವಯಸ್ಸೇ ಆಗದ ಹೆಣ್ಣು ಮರಿಯ ಯೋನಿ ಕೆಂಪಾಗಿ ಊದಿಕೊಳ್ಳುತ್ತದೆ, ಮೊಲೆತೊಟ್ಟು ದಪ್ಪವಾಗುತ್ತದೆ, ಕೆಲವಕ್ಕೆ ಯೋನಿಯೋ ಗುದವೋ ಜಾರಿ ಹೊರಗೆ ಬರುತ್ತದೆ. “ಬೇಗ ಬೆದೆಗೆ ಬಂತು” ಎಂದು ಖುಷಿಪಟ್ಟು ಗಂಡು ಬಿಟ್ಟರೆ ಗಬ್ಬ ನಿಲ್ಲುವುದಿಲ್ಲ. ಮರಿಗಳ ಮತ್ತು ಎಳೆ ಹೆಣ್ಣು ಹಂದಿಗಳ ಮೇವಿನಲ್ಲಿ ಇದು ಕಿಲೋಗೆ 0.1 ಮಿಲಿಗ್ರಾಂ ಮೀರಬಾರದೆಂದು ಯುರೋಪಿಯನ್ ಒಕ್ಕೂಟ 2006ರಲ್ಲಿ ಸೂಚಿಸಿತು. ಏನು ಹಾಕಿದರೂ ಅರಗಿಸಿಕೊಳ್ಳುವ ಪ್ರಾಣಿಗೆ ಇಷ್ಟು ಬಿಗಿಯಾದ ಮಿತಿ ಏಕೆ ಬೇಕಿತ್ತು?

“ನಾವು ಹಂಡೆಯಲ್ಲಿ ಬೇಯಿಸಿಯೇ ಹಾಕುತ್ತೇವೆ” ಎಂದರು ಕೆಲವರು. ಬೇಯಿಸಿದರೆ ಸಾಯುವುದು ಶಿಲೀಂಧ್ರ, ವಿಷ ಹಾಗೇ ಉಳಿಯುತ್ತದೆ. ನೀರು ಕುದಿಯುವುದು ನೂರು ಡಿಗ್ರಿಯಲ್ಲಿ. ಅಫ್ಲಟಾಕ್ಸಿನ್ ಎಂಬ ಬೂಷ್ಟು ವಿಷ ಒಡೆಯಲು ಇನ್ನೂರೈವತ್ತು ಡಿಗ್ರಿಯಾದರೂ ದಾಟಬೇಕು. ಬಿಸಿಲಿಗೆ ಹರಡಿ, ಹಸಿರು ಪುಡಿ ಕೊಡವಿ ಹಾಕುವುದೂ ಇಷ್ಟೇ. ಕಣ್ಣಿಗೆ ಕಾಣುವ ಬೂಷ್ಟು ಹೋಗುತ್ತದೆ, ಕಾಳಿನೊಳಗೆ ಇಳಿದದ್ದು ಹೋಗುವುದಿಲ್ಲ. ಇನ್ನು ಫ್ಯುಮೋನಿಸಿನ್ ಎಂಬ ವಿಷವಂತೂ ನೋಡಲು ಚೆನ್ನಾಗಿಯೇ ಇರುವ ಮೆಕ್ಕೆಜೋಳದ ಕಾಳಿನಲ್ಲೂ ಇರಬಹುದು. ಅಮೆರಿಕದಲ್ಲಿ 1989ರ ಬೆಳೆಯ ಮೆಕ್ಕೆಜೋಳ, ಅದರಲ್ಲೂ ಜರಡಿಯಿಂದ ಇಳಿದ ನುಚ್ಚು ತಿಂದ ಹಂದಿಗಳು ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಾ ಸತ್ತವು. ನಮ್ಮಲ್ಲಿ ಅಗ್ಗಕ್ಕೆ ಸಿಗುವುದೂ ಆ ನುಚ್ಚೇ.

“ಒಳ್ಳೆಯ ಕಾಳಿನ ಜೊತೆ ಬೆರೆಸಿದರೆ ವಿಷ ತೆಳುವಾಗುತ್ತದಲ್ಲ?” ವಿಷ ಮೂಟೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ಗೋಡೆಗೆ ಒತ್ತಿಕೊಂಡು ತೇವ ಎಳೆದು ಗಂಟುಗಟ್ಟಿದ ಮೂಲೆಯಲ್ಲಿ ಅದು ದಟ್ಟವಾಗಿ ಕೂತಿರುತ್ತದೆ. ನೀವು ಎಷ್ಟು ಬೆರೆಸಿದರೂ ಒಂದು ತೊಟ್ಟಿಗೆ ಏನೂ ಬೀಳದಿರಬಹುದು, ಪಕ್ಕದ ತೊಟ್ಟಿಗೆ ಅಷ್ಟೂ ಬೀಳಬಹುದು. ಅಫ್ಲಟಾಕ್ಸಿನ್ ಮಿತಿ ಮೀರಿದ ಸರಕನ್ನು ಹೀಗೆ ಬೆರೆಸಿ ತೆಳುಗೊಳಿಸುವುದನ್ನು ಯುರೋಪಿನ ಮೇವು ಕಾನೂನು ನಿಷೇಧಿಸಿದೆ.

ವಿಷ ಹೀರುವ ಪುಡಿ ಬೆರೆಸುತ್ತೇವೆ ಎನ್ನುವವರಿಗೆ ಉತ್ತರ ಚಿಕ್ಕದು. ಬೆಂಟೊನೈಟ್ ಜೇಡಿ ಅಫ್ಲಟಾಕ್ಸಿನನ್ನು ಚೆನ್ನಾಗಿ ಹಿಡಿಯುತ್ತದೆ, ಡಿಆಕ್ಸಿನಿವಲೆನಾಲ್ ಅದಕ್ಕೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ.

“ಸಾಯದಿದ್ದರೆ ಆಯಿತು, ಮಾಂಸಕ್ಕೇನು ತೊಂದರೆ?” ಎಂಬ ಮಾತು ನನಗೆ ಎಲ್ಲಕ್ಕಿಂತ ನೋವು ತಂದಿತು. ಅಫ್ಲಟಾಕ್ಸಿನ್ ಸ್ವಲ್ಪಸ್ವಲ್ಪವೇ ಒಳಗೆ ಹೋದರೂ ಯಕೃತ್ತು ಕೆಡುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ತಾಯಿ ಹಂದಿಯ ಹಾಲಿನಲ್ಲೂ ಇಳಿದು ಮರಿಗೆ ಸೇರುತ್ತದೆ. ಆಕ್ರಟಾಕ್ಸಿನ್ ಎಂಬ ಇನ್ನೊಂದು ಬೂಷ್ಟು ವಿಷ ಮೂತ್ರಪಿಂಡವನ್ನು ಕೆಡಿಸುತ್ತದೆ. ಡೆನ್ಮಾರ್ಕಿನಲ್ಲಿ ಕಸಾಯಿಖಾನೆಗೆ ಬಂದ ಹಂದಿಗಳ ಮೂತ್ರಪಿಂಡ ಬಿಳಿಚಿ, ಉಬ್ಬಿ, ಗಡುಸಾಗಿದ್ದುದಕ್ಕೆ ಬೂಷ್ಟು ಹಿಡಿದ ಬಾರ್ಲಿಯೇ ಕಾರಣವೆಂದು ಸಂಶೋಧಕ ಪಾಲೆ ಕ್ರೋಗ್ 1970ರ ದಶಕದಲ್ಲಿ ತೋರಿಸಿಕೊಟ್ಟರು. ಆ ವಿಷ ಹಂದಿಯ ರಕ್ತದಲ್ಲೂ ಮೂತ್ರಪಿಂಡದಲ್ಲೂ ಬಹಳ ದಿನ ಉಳಿಯುತ್ತದೆ, ಅಲ್ಲಿಂದ ತಿನ್ನುವವರ ತಟ್ಟೆಗೂ ಬರುತ್ತದೆ.

ಕೊನೆಗೆ, “ಎಜ್‌ವೇರಿನಲ್ಲಿ ಕೂತು ಊರಿನ ರೈತನಿಗೆ ಬುದ್ಧಿ ಹೇಳುವುದು ಸುಲಭ, ಇದೆಲ್ಲ ಶ್ರೀಮಂತ ದೇಶದ ಚಿಂತೆ” ಎಂಬ ಆಕ್ಷೇಪ. ಶ್ರೀಮಂತ ದೇಶ ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತಾಗ ಯಾವ ರೋಗವೆಂದು ತಿಳಿಯದೆ ‘ಟರ್ಕಿ ಎಕ್ಸ್’ ಎಂದು ಹೆಸರಿಟ್ಟರು. ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯೇ ಮೂಲವೆಂದು ಆಮೇಲೆ ಗೊತ್ತಾಯಿತು. ಅದೇ ಹಿಂಡಿಯಿಂದ ಹಂದಿಗಳ ಯಕೃತ್ತೂ ಕೆಟ್ಟದ್ದು 1961ರಲ್ಲೇ ವರದಿಯಾಯಿತು. ಆ ಹಿಂಡಿಯಲ್ಲಿದ್ದ ಅಫ್ಲಟಾಕ್ಸಿನನ್ನು ಕಂಡುಹಿಡಿದ ಸಂಶೋಧಕರಲ್ಲಿ ಇದೇ ಲಂಡನ್ನಿನ ಟ್ರಾಪಿಕಲ್ ಪ್ರಾಡಕ್ಟ್ಸ್ ಇನ್‌ಸ್ಟಿಟ್ಯೂಟಿನವರೂ ಇದ್ದರು. ಬಡವರಿಗೆ ಸಂಬಂಧವಿಲ್ಲದ ಮಾತೂ ಇದಲ್ಲ: 1995ರಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದು ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗರೇ ಹೊಟ್ಟೆನೋವು, ಭೇದಿಯಿಂದ ನರಳಿದರು. ಅದಕ್ಕೆ ಕಾರಣವಾದದ್ದು ಫ್ಯುಮೋನಿಸಿನ್.

ಖರ್ಚಿನ ಪ್ರಶ್ನೆ ನಿಜವೇ. ಪ್ರತಿ ಮೂಟೆಯನ್ನೂ ಲ್ಯಾಬಿಗೆ ಕಳಿಸಿ ಎಂದು ನಾನು ಹೇಳುತ್ತಿಲ್ಲ. ಕಾಳಿನ ತೇವ ನೂರಕ್ಕೆ ಹದಿಮೂರರ ಒಳಗೆ ಇಳಿಯುವ ತನಕ ಒಣಗಿಸಿ. ಮೂಟೆಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲೆ ಪೇರಿಸಿ. ಕೊಡಗಿನ ಮಳೆಗಾಲಕ್ಕೆ ಒಟ್ಟಿಗೇ ಕೊಂಡು ತುಂಬಿಡಬೇಡಿ. ಬೂಷ್ಟು ಕಂಡ ಮೂಟೆಯನ್ನು ಯಾವ ಹಂದಿಗೂ, ಅದರಲ್ಲೂ ಮರಿಗೂ ಗಬ್ಬದ ಹಂದಿಗೂ, ಹಾಕಲೇಬೇಡಿ. ಇಲ್ಲಿಂದ ಊರಿಗೆ ಹಣ ಕಳಿಸುವವರು ಮುಂದಿನ ಸಲ ಒಂದು ತೇವಮಾಪಕ, ನಾಲ್ಕು ಟಾರ್ಪಾಲಿನ ದುಡ್ಡನ್ನೂ ಸೇರಿಸಿ ಕಳಿಸಿ. ಮೊದಲ ಮಳೆ ಬೀಳುವ ಮುಂಚೆ ತಲುಪಲಿ.